ವೀಡಿಯೊ ರೂಟರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಬೇಲೂರಿನಲ್ಲಿ ಚೆನ್ನಕೇಶವನ ರಥೋತ್ಸವದ ಲೈವ್ ನಡೆಯುತ್ತಿದೆ ಅಂದುಕೊಳ್ಳಿ. ನಾಲ್ಕು ಕ್ಯಾಮೆರಾ, ಮೂರು ಎಲ್‌ಇಡಿ ವಾಲ್, ಒಂದು ಸ್ಟ್ರೀಮಿಂಗ್ ಲ್ಯಾಪ್‌ಟಾಪ್, ನಡುವೆ ಯಾವ ಚಿತ್ರ ಎಲ್ಲಿಗೆ ಹೋಗಬೇಕು ಅಂತ ಜೋಡಿಸುವ ಒಂದು ವೀಡಿಯೊ ರೂಟರ್. ತೇರು ಇನ್ನೇನು ಹೊರಡಬೇಕು. ಅಷ್ಟರಲ್ಲಿ ಕಂಟ್ರೋಲ್ ಸಾಫ್ಟ್‌ವೇರಿನ ಬಟನ್‌ಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ 'ಡಿಸ್‌ಕನೆಕ್ಟೆಡ್' ಅಂತ ತೋರಿಸುತ್ತವೆ. ಟೀಮಿನಲ್ಲಿ ಯಾರೋ ಒಬ್ಬರು ರೂಟರಿನ ಪವರ್ ಕೇಬಲ್‌ಗೆ ಕೈ ಹಾಕುತ್ತಾರೆ, ಒಮ್ಮೆ ಆಫ್ ಮಾಡಿ ಆನ್ ಮಾಡೋಣ ಅಂತ.

ಅವರನ್ನು ತಡೆಯಿರಿ. ಮೊದಲು ಎಲ್‌ಇಡಿ ವಾಲ್ ಕಡೆ ನೋಡಿ. ಅಲ್ಲಿ ಚಿತ್ರ ಓಡುತ್ತಲೇ ಇದೆ ಅಲ್ವಾ? ಹಾಗಿದ್ದರೆ ರೂಟರ್ ತನ್ನ ಕೆಲಸ ಮಾಡುತ್ತಿದೆ. ಕೆಟ್ಟಿರುವುದು ಲ್ಯಾಪ್‌ಟಾಪ್‌ಗೂ ರೂಟರ್‌ಗೂ ನಡುವಿನ ಮಾತುಕತೆ ಮಾತ್ರ. ಈಗ ಪವರ್ ತೆಗೆದರೆ ಮೂರೂ ವಾಲ್ ಒಟ್ಟಿಗೆ ಕಪ್ಪಾಗುತ್ತವೆ. ಇಲ್ಲದ ತೊಂದರೆಯನ್ನು ನಾವೇ ಕರೆದುಕೊಂಡ ಹಾಗಾಗುತ್ತದೆ.

ಹಾಸನ, ಚಿಕ್ಕಮಗಳೂರು ಕಡೆ ಲೈವ್ ಕೆಲಸ ಮಾಡುವ ಸಣ್ಣ ಸಣ್ಣ ತಂಡಗಳಲ್ಲೂ ಈಗ ರೂಟರ್ ಇದೆ. ಮದುವೆ, ಜಾತ್ರೆ, ಸಮ್ಮೇಳನ, ಕಬಡ್ಡಿ, ಎಲ್ಲಕ್ಕೂ ಒಯ್ಯುತ್ತೇವೆ. ಆದರೆ ತೊಂದರೆ ಬಂದಾಗ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಅದಕ್ಕೇ ಈ ಬರಹ. ಇಲ್ಲಿ ರೂಟರ್ ಅಂದರೆ ಎಸ್‌ಡಿಐ (ತಾಮ್ರದ ಕೇಬಲ್ಲಿನಲ್ಲಿ ಡಿಜಿಟಲ್ ಚಿತ್ರ ಓಡಿಸುವ ಪದ್ಧತಿ) ವೀಡಿಯೊ ರೂಟರ್. ಮನೆಯ ವೈಫೈ ರೂಟರ್ ಬಗ್ಗೆ ಹೇಳುವಾಗ ವೈಫೈ ರೂಟರ್ ಅಂತಲೇ ಬರೆಯುತ್ತೇನೆ.

ಮೊದಲು: ಯಾವ ದಾರಿ ಕೆಟ್ಟಿದೆ?

ವೀಡಿಯೊ ರೂಟರ್‌ಗೆ ಎರಡು ದಾರಿಗಳಿವೆ. ಒಂದು ಸಿಗ್ನಲ್ ದಾರಿ: ಬಿಎನ್‌ಸಿ (ತಿರುಗಿಸಿ ಲಾಕ್ ಮಾಡುವ ದುಂಡು ಕನೆಕ್ಟರ್) ಹಾಕಿದ ಕೇಬಲ್‌ನಲ್ಲಿ ಚಿತ್ರ ಒಳಗೆ ಬಂದು ಹೊರಗೆ ಹೋಗುವುದು. ಇನ್ನೊಂದು ಕಂಟ್ರೋಲ್ ದಾರಿ: ಯಾವ ಇನ್‌ಪುಟ್ ಯಾವ ಔಟ್‌ಪುಟ್‌ಗೆ ಹೋಗಬೇಕು ಅಂತ ನೆಟ್‌ವರ್ಕ್ ಅಥವಾ ಯುಎಸ್‌ಬಿ ಮೂಲಕ ಆಜ್ಞೆ ಕೊಡುವುದು. ಆಜ್ಞೆ ಒಮ್ಮೆ ತಲುಪಿದರೆ ಸಾಕು, ರೂಟರ್ ಆ ಜೋಡಣೆಯನ್ನು ಹಿಡಿದುಕೊಂಡೇ ಇರುತ್ತದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಹಳಿ ಜೋಡಿಸಿ ಆದಮೇಲೆ ಕಂಟ್ರೋಲ್ ರೂಮಿನ ಫೋನ್ ಸತ್ತರೆ ಗಾಡಿ ಹಳಿ ತಪ್ಪುತ್ತದೆಯೇ? ಹಾಗೆಯೇ ಇದು.

ಹಾಗಾಗಿ ಮೊದಲ ಪ್ರಶ್ನೆ ಒಂದೇ. ಚಿತ್ರ ಇದೆ, ಬದಲಾಯಿಸಲು ಆಗುತ್ತಿಲ್ಲವೇ? ಕಂಟ್ರೋಲ್ ದಾರಿ ನೋಡಿ. ಬದಲಾಯಿಸಲು ಆಗುತ್ತಿದೆ, ಚಿತ್ರ ಮಾತ್ರ ಇಲ್ಲವೇ? ಸಿಗ್ನಲ್ ದಾರಿ ನೋಡಿ. ಎರಡೂ ಇಲ್ಲ ಅಂದರೆ ಪವರ್ ನೋಡಿ. ಅಡಾಪ್ಟರ್ ಸಡಿಲವಾಗಿರಬಹುದು, ಎಕ್ಸ್‌ಟೆನ್ಷನ್ ಬಾಕ್ಸಿನ ಸ್ವಿಚ್ಚನ್ನು ಯಾರೋ ಕಾಲಲ್ಲಿ ಒತ್ತಿರಬಹುದು.

ಈ ವಿಂಗಡಣೆಗೆ ಅರ್ಧ ನಿಮಿಷ ಸಾಕು. ಮಾಡದೇ ಹೋದರೆ ಬಿಎನ್‌ಸಿ ಕಿತ್ತು ಹಾಕುವುದು, ಐಪಿ ಬದಲಾಯಿಸುವುದು ಎರಡೂ ಒಟ್ಟಿಗೆ ಶುರುವಾಗುತ್ತದೆ. ಆಮೇಲೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ನೋಡಿ, ಸರಿಹೋಗದಿದ್ದರೆ ಮೊದಲಿದ್ದ ಹಾಗೆ ಮಾಡಿ ಮುಂದಕ್ಕೆ ಹೋಗಿ.

ಒಂದು ವಿನಾಯಿತಿ ಇದೆ. ಎನ್‌ಡಿಐ ಅಥವಾ 2110 ರೀತಿ ಚಿತ್ರವೇ ನೆಟ್‌ವರ್ಕ್ ಮೇಲೆ ಓಡುವ ವ್ಯವಸ್ಥೆಯಲ್ಲಿ ಎರಡು ದಾರಿಗಳೂ ಅದೇ ವೈರಿನಲ್ಲಿ ಇರುತ್ತವೆ. ಅಲ್ಲಿ ಹುಡುಕುವ ರೀತಿಯೇ ಬೇರೆ. ನಮ್ಮ ಕಡೆ ಜಾಸ್ತಿ ಇರುವುದು ಎಸ್‌ಡಿಐ, ಅದನ್ನೇ ನೋಡೋಣ.

ಕಂಟ್ರೋಲ್ ಸಿಗದಿದ್ದಾಗ

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ನೆಟ್‌ವರ್ಕ್ ಪೋರ್ಟಿನ ಪುಟ್ಟ ಲೈಟ್ ರೂಟರಿನಲ್ಲೂ ಲ್ಯಾಪ್‌ಟಾಪಿನಲ್ಲೂ ಉರಿಯುತ್ತಿದೆಯೇ? ಇಲ್ಲದಿದ್ದರೆ ಸಾಫ್ಟ್‌ವೇರ್ ತೆರೆದು ಕೂರುವುದು ದಂಡ. ಕೇಬಲ್ ಬದಲಿಸಿ. ಕ್ಲಿಪ್ ಮುರಿದ ಲ್ಯಾನ್ ಕೇಬಲ್ ಎಷ್ಟು ತಂಡಗಳ ಬ್ಯಾಗಿನಲ್ಲಿದೆಯೋ! ಟೇಬಲ್ ಸ್ವಲ್ಪ ಅಲುಗಿದರೂ ಜಾರಿ ಹೊರಬರುತ್ತದೆ. ಅಂಥದ್ದನ್ನು ಇವತ್ತೇ ಎಸೆಯಿರಿ. ನಡುವೆ ಪುಟ್ಟ ಐದು ಪೋರ್ಟಿನ ಸ್ವಿಚ್ ಇದ್ದರೆ ಅದರ ಅಡಾಪ್ಟರನ್ನೂ ನೋಡಿ.

ಲೈಟ್ ಇದ್ದೂ ಸಿಗುತ್ತಿಲ್ಲ ಅಂದರೆ ಐಪಿ ವಿಳಾಸ. ಲ್ಯಾಪ್‌ಟಾಪ್ ಮತ್ತು ರೂಟರ್ ಒಂದೇ ಗುಂಪಿನಲ್ಲಿರಬೇಕು. ರೂಟರ್ 192.168.10 ಸಾಲಿನಲ್ಲಿ ಇದ್ದು ಲ್ಯಾಪ್‌ಟಾಪ್ 192.168.1 ಸಾಲಿನಲ್ಲಿ ಇದ್ದರೆ, ಮಾಸ್ಕ್ 255.255.255.0 ಇರುವ ತನಕ ಅವು ಒಂದನ್ನೊಂದು ಕಾಣುವುದಿಲ್ಲ. ಲ್ಯಾಪ್‌ಟಾಪಿನ ವಿಳಾಸ 169.254 ಅಂತ ಶುರುವಾಗಿದ್ದರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ ಅಂತ ಅರ್ಥ. ಅಂಥ ಕಡೆ ಕೈಯಾರೆ ಸ್ಥಿರ ವಿಳಾಸ ಕೊಡಿ.

ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ರೂಟರಿನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಅಲ್ಲಿ ಯಾರಾದರೂ ಇದ್ದಾರಾ ಅಂತ ಕೂಗಿ ನೋಡಿ. 'ರಿಪ್ಲೈ' ಬಂದರೆ ದಾರಿ ಸರಿಯಿದೆ, ತೊಂದರೆ ಸಾಫ್ಟ್‌ವೇರ್ ಅಥವಾ ಫೈರ್‌ವಾಲ್‌ನಲ್ಲಿ. 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್' ಅಂತ ನಿಮ್ಮದೇ ಲ್ಯಾಪ್‌ಟಾಪಿನ ವಿಳಾಸದಿಂದ ಬಂದರೆ, ಆ ವಿಳಾಸದಲ್ಲಿ ಯಾರೂ ಓಗೊಡುತ್ತಿಲ್ಲ. ಕೇಬಲ್ ಅಥವಾ ವಿಳಾಸ ತಪ್ಪಿದೆ. ಪಿಂಗ್ ಒಮ್ಮೆ ಬಂದು ಒಮ್ಮೆ ಬಾರದೆ ಆಟವಾಡಿಸಿದರೆ ಕೇಬಲ್ ಸಡಿಲವಿರಬಹುದು, ಇಲ್ಲವೇ ಒಂದೇ ವಿಳಾಸದ ಎರಡು ಸಾಧನಗಳಿರಬಹುದು. ಬಾಡಿಗೆ ಸಾಮಾನು ಸೇರಿದಾಗ ಎರಡನೆಯದು ತುಂಬಾ ಆಗುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಎಟಿಇಎಂ ವೀಡಿಯೊ ಮಿಕ್ಸರ್‌ಗಳು (ಹಲವು ಕ್ಯಾಮೆರಾಗಳಲ್ಲಿ ಯಾವುದು ಕಾಣಬೇಕು ಅಂತ ಆರಿಸುವ ಸಾಧನ) ಫ್ಯಾಕ್ಟರಿಯಿಂದ ಬರುವಾಗ 192.168.10.240 ಅನ್ನುವ ವಿಳಾಸದಲ್ಲಿರುತ್ತವೆ. ಹಾಸನದ ಒಂದು ತಂಡದ್ದು, ಚನ್ನರಾಯಪಟ್ಟಣದ ಇನ್ನೊಂದು ತಂಡದ್ದು ಒಂದೇ ಸ್ವಿಚ್ಚಿಗೆ ಬಿದ್ದರೆ ಜಗಳ ಖಾತ್ರಿ. ಎಜೆಎ ಕಂಪನಿಯ ಕುಮೊ ರೂಟರ್‌ಗಳದ್ದು 192.168.101.1. ಪರೀಕ್ಷೆ ಸುಲಭ: ರೂಟರಿನ ಲ್ಯಾನ್ ಕೇಬಲ್ ತೆಗೆದು ಅದೇ ವಿಳಾಸಕ್ಕೆ ಪಿಂಗ್ ಮಾಡಿ. ಆಗಲೂ ಉತ್ತರ ಬಂದರೆ ಆ ವಿಳಾಸದಲ್ಲಿ ಇನ್ನೊಬ್ಬರು ಕೂತಿದ್ದಾರೆ.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹೊಸ ಜಾಗಕ್ಕೆ ಹೋದಾಗ ನೆಟ್‌ವರ್ಕನ್ನು 'ಪಬ್ಲಿಕ್' ಅಂತ ಗುರುತಿಸಿ ಫೈರ್‌ವಾಲ್ ಬಿಗಿ ಮಾಡಿಬಿಡುತ್ತದೆ. ನಿನ್ನೆ ಆಫೀಸಿನಲ್ಲಿ ಸರಿಯಿದ್ದದ್ದು ಇವತ್ತು ಕಲ್ಯಾಣ ಮಂಟಪದಲ್ಲಿ ಸಿಗದಿರಲು ಇದೂ ಒಂದು ಕಾರಣ. 'ಪ್ರೈವೇಟ್' ಮಾಡಿ ನೋಡಿ.

ಇನ್ನೊಂದು ತೊಡಕನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಒಂದೇ ಲ್ಯಾಪ್‌ಟಾಪಿನಲ್ಲಿ ಸ್ಟ್ರೀಮಿಂಗೂ ರೂಟರ್ ಕಂಟ್ರೋಲೂ ಮಾಡುವವರು ನಮ್ಮಲ್ಲಿ ಜಾಸ್ತಿ. ವೈಫೈನಲ್ಲಿ ಇಂಟರ್ನೆಟ್, ಲ್ಯಾನ್‌ನಲ್ಲಿ ರೂಟರ್. ಲ್ಯಾನ್ ಚುಚ್ಚಿದ ತಕ್ಷಣ ಸ್ಟ್ರೀಮ್ ನಿಂತುಹೋಗುತ್ತದೆ! ಆಗ ನೆಟ್ ಕಂಪನಿಗೆ ಬೈಯಬೇಡಿ. ಲ್ಯಾನ್ ಸೆಟ್ಟಿಂಗ್‌ನಲ್ಲಿ ಗೇಟ್‌ವೇ ಅನ್ನುವ ಜಾಗದಲ್ಲಿ ಏನೋ ಬರೆದಿರುತ್ತೀರಿ. ಲ್ಯಾಪ್‌ಟಾಪ್ ಇಂಟರ್ನೆಟ್ಟನ್ನು ಆ ಕಡೆ ಹುಡುಕಲು ಹೋಗುತ್ತದೆ. ಲ್ಯಾನ್‌ಗೆ ಐಪಿ ಮತ್ತು ಮಾಸ್ಕ್ ಮಾತ್ರ ಕೊಟ್ಟು ಗೇಟ್‌ವೇ ಖಾಲಿ ಬಿಡಿ. ಹಾಗೆಯೇ ವೈಫೈ ಮತ್ತು ಲ್ಯಾನ್ ಒಂದೇ ಸಾಲಿನ ವಿಳಾಸದಲ್ಲಿ ಇರದಂತೆ ನೋಡಿಕೊಳ್ಳಿ.

ಬ್ಲ್ಯಾಕ್‌ಮ್ಯಾಜಿಕ್‌ನ ವೀಡಿಯೊಹಬ್ ರೂಟರ್ ಇದ್ದರೆ ಒಂದು ಚೆಂದದ ಪರೀಕ್ಷೆ ಇದೆ. ಅದು 9990ನೇ ಟಿಸಿಪಿ ಪೋರ್ಟಿನಲ್ಲಿ ಸಾದಾ ಅಕ್ಷರಗಳಲ್ಲೇ ಮಾತಾಡುತ್ತದೆ. ಟೆಲ್ನೆಟ್ ಅಥವಾ ಪುಟ್ಟಿ (ಅಕ್ಷರಗಳಲ್ಲೇ ಸಾಧನದ ಜೊತೆ ಮಾತಾಡುವ ಸಾಫ್ಟ್‌ವೇರ್) ತೆರೆದು ಆ ವಿಳಾಸ, ಆ ಪೋರ್ಟ್ ಕೊಡಿ. ರೂಟರ್ ಜೀವಂತ ಇದ್ದರೆ ತನ್ನ ಮಾಡೆಲ್ ಹೆಸರು, ಇನ್‌ಪುಟ್‌ಗಳ ಲೇಬಲ್, ಯಾವುದು ಎಲ್ಲಿಗೆ ಹೋಗುತ್ತಿದೆ, ಎಲ್ಲವನ್ನೂ ಸಾಲಾಗಿ ಸುರಿಯುತ್ತದೆ. ರೂಟಿಂಗ್ ಪಟ್ಟಿಯಲ್ಲಿ '0 3' ಅಂತ ಇದ್ದರೆ ಗಾಬರಿ ಬೇಡ. ಅಲ್ಲಿ ಎಣಿಕೆ ಸೊನ್ನೆಯಿಂದ ಶುರು. ಒಂದನೇ ಔಟ್‌ಪುಟ್‌ಗೆ ನಾಲ್ಕನೇ ಇನ್‌ಪುಟ್ ಹೋಗುತ್ತಿದೆ ಅಂತ ಅರ್ಥ. ಈ ಪಟ್ಟಿ ಬಂತು ಅಂದರೆ ರೂಟರ್, ಕೇಬಲ್, ಐಪಿ ಮೂರೂ ಸರಿ. ಇನ್ನು ನೋಡಬೇಕಾದದ್ದು ನಿಮ್ಮ ಕಂಟ್ರೋಲ್ ಸಾಫ್ಟ್‌ವೇರನ್ನು ಮಾತ್ರ.

ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಮತ್ತು ರೂಟರ್ ಒಳಗಿನ ಫರ್ಮ್‌ವೇರ್ ಆವೃತ್ತಿ ಹೊಂದದಿದ್ದರೂ ಸಿಗುವುದಿಲ್ಲ. ಅಪ್‌ಡೇಟ್ ಮಾಡಿ ಅಂತ ಅದೇ ಕೇಳುತ್ತದೆ. ಕಾರ್ಯಕ್ರಮದ ದಿನ ಖಂಡಿತ ಮಾಡಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ರೂಟರ್ ಏಳದೇ ಇರಬಹುದು.

ಬಟನ್ ಒತ್ತಿದರೂ ಒಂದೇ ಒಂದು ಔಟ್‌ಪುಟ್ ಬದಲಾಗುತ್ತಿಲ್ಲ, ಉಳಿದವು ಬದಲಾಗುತ್ತಿವೆ ಅಂದರೆ ಅದನ್ನು ಯಾರೋ ಲಾಕ್ ಮಾಡಿದ್ದಾರೆ. ಇನ್ನೊಂದು ಪ್ಯಾನೆಲ್ ಅಥವಾ ಲ್ಯಾಪ್‌ಟಾಪ್ ಹತ್ತಿರ ಕೂತವರನ್ನು ಕೇಳಿ.

ಚಿತ್ರ ಬಾರದಿದ್ದಾಗ: ಎರಡು ಬದಲಾವಣೆ ಸಾಕು

ಮೂರನೇ ಕ್ಯಾಮೆರಾ ಒಂದನೇ ವಾಲ್ ಮೇಲೆ ಬರುತ್ತಿಲ್ಲ. ಕೇಬಲ್ ಕೀಳುವ ಮೊದಲು ರೂಟರಿನಲ್ಲೇ ಪರೀಕ್ಷೆ ಮಾಡಿ. ಇದೇ ರೂಟರ್ ಇರುವುದರ ದೊಡ್ಡ ಅನುಕೂಲ.

ಮೊದಲು ಅದೇ ಮೂರನೇ ಕ್ಯಾಮೆರಾವನ್ನು ಚೆನ್ನಾಗಿರುವ ಇನ್ನೊಂದು ಔಟ್‌ಪುಟ್‌ಗೆ ಹಾಕಿ. ಬಂತೇ? ಹಾಗಾದರೆ ಕ್ಯಾಮೆರಾದಿಂದ ರೂಟರ್ ತನಕ ಎಲ್ಲ ಸರಿ. ತೊಂದರೆ ಒಂದನೇ ಔಟ್‌ಪುಟ್‌ನಿಂದ ಆಚೆ. ಬರಲಿಲ್ಲವೇ? ತೊಂದರೆ ಕ್ಯಾಮೆರಾ ಕಡೆ. ಆಮೇಲೆ ಚೆನ್ನಾಗಿ ಬರುತ್ತಿರುವ ಒಂದನೇ ಕ್ಯಾಮೆರಾವನ್ನು ಒಂದನೇ ವಾಲ್‌ಗೆ ಹಾಕಿ. ಬಂದರೆ ಆ ಕಡೆಯ ದಾರಿ ಸರಿ.

ಈ ಎರಡು ಬದಲಾವಣೆಯ ಉತ್ತರಗಳು ಒಂದಕ್ಕೊಂದು ಹೊಂದಿದರೆ ಯಾವ ಕೇಬಲ್ ಹಿಡಿದು ನಡೆಯಬೇಕು ಅಂತ ಗೊತ್ತಾಯಿತು. ಆದರೆ ಕೆಲವೊಮ್ಮೆ ವಿಚಿತ್ರ ಆಗುತ್ತದೆ. ಮೂರನೇ ಕ್ಯಾಮೆರಾ ಬೇರೆ ಔಟ್‌ಪುಟ್‌ನಲ್ಲಿ ಬರುತ್ತದೆ, ಒಂದನೇ ವಾಲ್‌ನಲ್ಲಿ ಬೇರೆ ಕ್ಯಾಮೆರಾಗಳೂ ಬರುತ್ತವೆ, ಆದರೆ ಇವೆರಡು ಸೇರಿದರೆ ಮಾತ್ರ ಕಪ್ಪು. ಆಗ ಕೇಬಲ್ ತಪ್ಪಲ್ಲ, ಫಾರ್ಮ್ಯಾಟ್ ತಪ್ಪು. ಅದನ್ನು ಮುಂದೆ ನೋಡೋಣ.

ಲೇಬಲ್‌ಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಹಿಂದಿನ ಕಾರ್ಯಕ್ರಮದ ಹೆಸರುಗಳು ಹಾಗೇ ಉಳಿದಿರುತ್ತವೆ. ರೂಟರಿನ ಹಿಂದೆ ಹೋಗಿ ಪೋರ್ಟ್ ಸಂಖ್ಯೆ ಓದಿ.

ಕೇಬಲ್ ಮತ್ತು ಬಿಎನ್‌ಸಿ

ನಮ್ಮ ಭಾಗದಲ್ಲಿ ಸಿಗ್ನಲ್ ತೊಂದರೆಗೆ ದೊಡ್ಡ ಕಾರಣ ಇದೇ ಅಂತ ನನ್ನ ನಂಬಿಕೆ. ಇದಕ್ಕೆ ಸ್ವಲ್ಪ ಸಮಯ ಕೊಡೋಣ.

ಹಳೆಯ ಅನಲಾಗ್ ಚಿತ್ರ ಕೇಬಲ್ ಉದ್ದವಾದಂತೆ ಮಸುಕಾಗುತ್ತಾ ಹೋಗುತ್ತಿತ್ತು. ಎಸ್‌ಡಿಐ ಹಾಗಲ್ಲ. ಪೂರ್ತಿ ಚೆನ್ನಾಗಿರುತ್ತದೆ, ಆಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಮಿಂಚುತ್ತದೆ, ಇನ್ನು ಕೆಲವೇ ಮೀಟರ್ ಜಾಸ್ತಿ ಆದರೆ ಪೂರ್ತಿ ಕಪ್ಪು. ಆ ಬಿಳಿ ಚುಕ್ಕೆಗಳು ಎಚ್ಚರಿಕೆ. ಬೆಳಗ್ಗೆ ರಿಹರ್ಸಲ್‌ನಲ್ಲಿ ಒಂದೆರಡು ಚುಕ್ಕೆ ಕಂಡರೆ, ನಡೆಯುತ್ತೆ ಬಿಡಿ ಅನ್ನಬೇಡಿ. ಬಿಸಿಲೇರಿ ಕೇಬಲ್ ಕಾದಾಗ ಅಥವಾ ಯಾರಾದರೂ ಅದರ ಮೇಲೆ ಕುರ್ಚಿ ಇಟ್ಟಾಗ ಅದು ಹೋಗುತ್ತದೆ.

ಎಷ್ಟು ಉದ್ದ ಸರಿ? 1080ಐ50 (ಸೆಕೆಂಡಿಗೆ 50 ಅರ್ಧ ಚಿತ್ರ) ಸೆಕೆಂಡಿಗೆ 1.485 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. 1080ಪಿ50 (50 ಪೂರ್ತಿ ಚಿತ್ರ) ಆದರೆ ಅದರ ಎರಡು ಪಟ್ಟು, 2.97 ಗಿಗಾಬಿಟ್. ವೇಗ ಹೆಚ್ಚಿದಷ್ಟೂ ಉದ್ದ ಕಡಿಮೆ. ಬೆಲ್ಡನ್ 1694ಎ ಥರದ ಒಳ್ಳೆಯ ಕೇಬಲ್ ಮೊದಲನೆಯದಕ್ಕೆ ಸುಮಾರು 100 ಮೀಟರ್, ಎರಡನೆಯದಕ್ಕೆ ಸುಮಾರು 75 ಮೀಟರ್ ಬರುತ್ತದೆ. ಸಾದಾ ಕೇಬಲ್ ಅಷ್ಟು ಬರುವುದಿಲ್ಲ. ಡಿಶ್ ಹಾಕುವವರ ಆರ್‌ಜಿ6 ಕೂಡ 75 ಓಮ್ ಕೇಬಲ್ಲೇ, ತುರ್ತಿಗೆ ಕಡಿಮೆ ದೂರಕ್ಕೆ ನಡೆದೀತು. ಆದರೆ ಅದಕ್ಕೆ ಎಫ್ ಕನೆಕ್ಟರ್, ಅದರ ಮೇಲೆ ಅಡಾಪ್ಟರ್, ಅದರ ಮೇಲೆ ಬ್ಯಾರೆಲ್ ಅಂತ ಸೇರಿಸುತ್ತಾ ಹೋದರೆ ಒಂದೊಂದು ಜಾಯಿಂಟ್‌ನಲ್ಲೂ ಸಿಗ್ನಲ್ ಸೋರುತ್ತದೆ. 50 ಓಮ್ ಬಿಎನ್‌ಸಿ ಕೂಡ ಅಂಗಡಿಯಲ್ಲಿ ಅದೇ ಡಬ್ಬಿಯಲ್ಲಿರುತ್ತದೆ, 75 ಓಮ್‌ನದ್ದೇ ನೋಡಿ ತೆಗೆದುಕೊಳ್ಳಿ.

ಇದರಿಂದಲೇ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ. ಕ್ಯಾಮೆರಾ 1080ಪಿ50ಯಲ್ಲಿ ಬರುತ್ತಿಲ್ಲವೇ? 1080ಐ50ಗೆ ಇಳಿಸಿ. ಈಗ ಬಂದರೆ ಕೇಬಲ್ ಮೇಲೆ ಗಟ್ಟಿ ಅನುಮಾನ ಪಡಬಹುದು. ಆ ವೇಗವನ್ನು ಅದು ತಾಳುತ್ತಿಲ್ಲ. ಬೇರೆ ಕೇಬಲ್ ಸಿಗುವ ತನಕ ಕಾರ್ಯಕ್ರಮವನ್ನು ಐ50ಯಲ್ಲೇ ನಡೆಸಬಹುದು.

ಈಗ ಬಿಎನ್‌ಸಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಒಳಗಿನ ಪಿನ್ ನಡುವಿನಲ್ಲೇ ನೆಟ್ಟಗೆ ಇದೆಯೇ, ಬೇರೆ ಬಿಎನ್‌ಸಿಗಳಷ್ಟೇ ಮುಂದಕ್ಕೆ ಇದೆಯೇ? ಕ್ರಿಂಪ್ ಸಡಿಲವಾದರೆ ಪಿನ್ ಒಳಕ್ಕೆ ಜಾರಿರುತ್ತದೆ. ಹೊರಗಿನಿಂದ ಲಾಕ್ ಆಗುತ್ತದೆ, ಒಳಗೆ ತಗುಲುವುದೇ ಇಲ್ಲ. ಅಲುಗಿಸಿದಾಗ ಬಂದು ಬಂದು ಹೋಗುವ ಚಿತ್ರಕ್ಕೆ ಇದು ಮುಖ್ಯ ಕಾರಣ. ಇನ್ನು ಮೂಡಿಗೆರೆ, ಸಕಲೇಶಪುರ, ಶೃಂಗೇರಿ ಕಡೆ ಮಳೆಗಾಲದಲ್ಲಿ ಕೆಲಸ ಮಾಡಿದ ಕೇಬಲ್ ಆದರೆ ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಮೇಲೆ ತೆಳುವಾದ ಹಸಿರು ಪುಡಿ ಕೂತಿರುತ್ತದೆ. ತಾಮ್ರ ಕಿಲುಬು ಹಿಡಿದಿದೆ. ಬರಿ ಬಟ್ಟೆಯಲ್ಲಿ ಒರೆಸಿದರೆ ಸಾಲದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದು ಒಣಗಿಸಿ. ಹಸಿರು ಕೇಬಲ್ಲಿನ ಒಳಗಿನ ಬ್ರೇಡ್‌ಗೂ ಇಳಿದಿದ್ದರೆ ಅಷ್ಟುದ್ದ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಮಳೆಯಲ್ಲಿ ನೆಂದ ಕೇಬಲ್ಲನ್ನು ಹಾಗೇ ಸುತ್ತಿ ಡ್ರಮ್ಮಿಗೆ ತುಂಬಬೇಡಿ. ಜಾಯಿಂಟ್‌ಗಳನ್ನು ನೆಲದ ಮೇಲೆ ಬಿಡದೆ ಎತ್ತರಕ್ಕೆ ಕಟ್ಟಿ. ಪ್ಲಾಸ್ಟಿಕ್ ಸುತ್ತಿದರೆ ಕೆಳಗಿನ ಬಾಯಿ ತೆರೆದೇ ಇರಲಿ, ನೀರು ಒಳಗೆ ನಿಲ್ಲಬಾರದು.

ಮಲ್ಟಿಮೀಟರ್‌ನಲ್ಲಿ ಪರೀಕ್ಷೆ ಮಾಡುವವರು ಎರಡೂ ತುದಿ ಬಿಚ್ಚಿ ನೋಡಿ. ಪಿನ್‌ನಿಂದ ಪಿನ್‌ಗೆ ಸಂಪರ್ಕ ಇರಬೇಕು, ಪಿನ್‌ನಿಂದ ಹೊರಗಿನ ಲೋಹಕ್ಕೆ ಇರಬಾರದು. ಇದರಲ್ಲಿ ಪಾಸಾದ ಕೇಬಲ್ ಗಿಗಾಬಿಟ್ ವೇಗದಲ್ಲಿ ಫೇಲ್ ಆಗಬಹುದು, ಅದು ನೆನಪಿರಲಿ.

ದೂರ ಜಾಸ್ತಿ ಇದ್ದರೆ ತಾಮ್ರದ ಆಸೆ ಬಿಡಿ. ಶ್ರವಣಬೆಳಗೊಳದ ವಿಂಧ್ಯಗಿರಿ ನೆಲದಿಂದ ಸುಮಾರು 470 ಅಡಿ ಎತ್ತರ. ನೇರ ಮೇಲಕ್ಕೇ 140 ಮೀಟರ್ ದಾಟುತ್ತದೆ, ಮೆಟ್ಟಿಲ ದಾರಿ ಹಿಡಿದರೆ ಇನ್ನೂ ಹೆಚ್ಚು. ಅಂಥ ಕಡೆ ಫೈಬರ್ ಕನ್ವರ್ಟರ್ ಒಂದೇ ದಾರಿ. ಫೈಬರ್ ಬಾರದಿದ್ದರೆ ಕಳಿಸುವ ಎಳೆ ಮತ್ತು ಪಡೆಯುವ ಎಳೆ ಅದಲುಬದಲಾಗಿದೆಯೇ ನೋಡಿ, ತುದಿಯನ್ನು ಅದಕ್ಕೆಂದೇ ಇರುವ ಕ್ಲೀನರ್‌ನಿಂದ ಒರೆಸಿ. ಅದರ ಬಾಯಿಗೆ ಕಣ್ಣಿಟ್ಟು ಬೆಳಕು ಬರುತ್ತಿದೆಯಾ ಅಂತ ನೋಡಬೇಡಿ. ಆ ಲೇಸರ್ ಕಣ್ಣಿಗೆ ಕಾಣದು, ಹಾನಿ ಮಾತ್ರ ಮಾಡೀತು.

ಫಾರ್ಮ್ಯಾಟ್ ಹೊಂದದಿದ್ದಾಗ

ರೂಟರ್ ಚಿತ್ರವನ್ನು ದಾಟಿಸುತ್ತದೆ, ಬದಲಾಯಿಸುವುದಿಲ್ಲ. ಒಳಗೆ ಬಂದದ್ದೇ ಹೊರಗೆ. ಹಾಗಾಗಿ ರೂಟರಿನಲ್ಲಿ ಇನ್‌ಪುಟ್ ಲೈಟ್ ಹಸಿರಾಗಿದ್ದರೂ ಮಿಕ್ಸರ್ ಅಥವಾ ವಾಲ್ ಪ್ರೊಸೆಸರ್ ಅದನ್ನು ಒಪ್ಪದೇ ಇರಬಹುದು.

ಭಾರತದಲ್ಲಿ ನಮ್ಮ ಕರೆಂಟ್ 50 ಹರ್ಟ್ಸ್, ನಮ್ಮ ಪ್ರಸಾರವೂ 50ರ ಲೆಕ್ಕ. ಆದರೆ ಹೊಸ ಕ್ಯಾಮೆರಾ ಅಥವಾ ರೀಸೆಟ್ ಮಾಡಿದ ಕ್ಯಾಮೆರಾ 59.94ರಲ್ಲಿ ಎದ್ದಿರಬಹುದು. ಕ್ಯಾಮೆರಾದ ಕಿರು ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಇರುತ್ತದೆ, ಮಿಕ್ಸರ್‌ನಲ್ಲಿ ಕಪ್ಪು. ಎಲ್ಲ ಕ್ಯಾಮೆರಾ ಒಂದೇ ಫಾರ್ಮ್ಯಾಟ್‌ನಲ್ಲಿವೆಯೇ ಅಂತ ಬೆಳಗ್ಗೆಯೇ ಒಂದೊಂದರ ಮೆನು ತೆರೆದು ನೋಡಿ.

1080ಪಿ50 ಕಳಿಸಲು ಲೆವೆಲ್ ಎ, ಲೆವೆಲ್ ಬಿ ಅಂತ ಎರಡು ವಿಧಾನಗಳಿವೆ. ಎರಡೂ ಅದೇ ವೇಗ, ಒಳಗಿನ ಜೋಡಣೆ ಬೇರೆ. ಕೆಲವು ಸಾಧನಗಳು ಒಂದನ್ನು ಮಾತ್ರ ಓದುತ್ತವೆ. ಕ್ಯಾಮೆರಾ ಅಥವಾ ಕನ್ವರ್ಟರ್ ಮೆನುವಿನಲ್ಲಿ ಅದನ್ನು ಬದಲಿಸಿ ನೋಡಿ.

ಲ್ಯಾಪ್‌ಟಾಪ್ ಚಿತ್ರ ಬಾರದಿದ್ದರೆ ಎಚ್‌ಡಿಎಂಐನಿಂದ ಎಸ್‌ಡಿಐ ಮಾಡುವ ಪುಟ್ಟ ಕನ್ವರ್ಟರ್ ಕಡೆ ನೋಡಿ. ಅದಕ್ಕೆ ಹಳೇ ಮೊಬೈಲ್ ಚಾರ್ಜರ್ ಸಾಲದೇ ಹೋಗಬಹುದು. ಲ್ಯಾಪ್‌ಟಾಪನ್ನು 1920-1080, 50 ಹರ್ಟ್ಸ್‌ಗೆ ಇಡಿ, ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ 60 ಕೊಡುತ್ತದೆ. ಸೆಟ್‌ಟಾಪ್ ಬಾಕ್ಸ್‌ನಿಂದ ಬಾರದಿದ್ದರೆ ಅದು ಎಚ್‌ಡಿಸಿಪಿ ಅನ್ನುವ ಕಾಪಿ ತಡೆ. ಆ ತಡೆ ಇರುವ ಚಿತ್ರ ಎಸ್‌ಡಿಐಗೆ ಇಳಿಯುವುದಿಲ್ಲ.

ರೂಟರಿನಲ್ಲಿ ಬದಲಾಯಿಸಿದಾಗ ಚಿತ್ರ ಒಂದು ಕ್ಷಣ ಕುಪ್ಪಳಿಸಿ ಸರಿಹೋಗುತ್ತದೆ ಅಂದರೆ ಅದು ಸಂಪರ್ಕದ ತೊಂದರೆ ಅಲ್ಲ. ಕ್ಯಾಮೆರಾಗಳು ಒಂದೇ ತಾಳದಲ್ಲಿಲ್ಲ, ಅವನ್ನು ಒಂದೇ ತಾಳಕ್ಕೆ ಕಟ್ಟುವ ಜೆನ್‌ಲಾಕ್ ಬೇಕು.

ಅರ್ಥಿಂಗ್ ಮತ್ತು ಸಿಡಿಲು

ವೇದಿಕೆಯ ಎಲ್‌ಇಡಿ ವಾಲ್ ಜನರೇಟರ್ ಮೇಲೆ, ನಮ್ಮ ಟೇಬಲ್ ಕೆಇಬಿ ಲೈನ್ ಮೇಲೆ. ಎರಡರ ಅರ್ಥ್ ಬೇರೆ. ಅವೆರಡನ್ನೂ ಸೇರಿಸುವ ಒಂದೇ ತಂತಿ ನಿಮ್ಮ ಬಿಎನ್‌ಸಿ ಕೇಬಲ್ಲಿನ ಹೊರ ಕವಚ. ಚುಚ್ಚುವಾಗ ಕಿಡಿ ಹಾರುವುದು, ಕೈ ಜುಮ್ಮೆನ್ನುವುದು, ಔಟ್‌ಪುಟ್ ಪೋರ್ಟ್ ಸುಟ್ಟುಹೋಗುವುದು ಇದರಿಂದಲೇ. ಚುಚ್ಚುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬಂದ ಕೇಬಲ್ಲಿನ ಹೊರ ಲೋಹಕ್ಕೆ, ಇನ್ನೊಂದು ರೂಟರಿನ ಬಾಡಿಗೆ ಹಿಡಿಯಿರಿ. 100ರ ಆಸುಪಾಸು ತೋರಿಸಿದರೆ ಯಾವುದೋ ಒಂದು ಕಡೆ ಅರ್ಥ್ ಇಲ್ಲವೇ ಇಲ್ಲ ಅಂತ ಅನುಮಾನಿಸಿ. ಚುಚ್ಚಬೇಡಿ. ಎಲೆಕ್ಟ್ರಿಷಿಯನ್ ಕರೆದು ಸರಿಮಾಡಿಸಿ, ಇಲ್ಲವೇ ಆ ಜಾಗಕ್ಕೆ ಫೈಬರ್ ಹಾಕಿ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ಲಗ್ಗಿನ ಮೂರನೇ ಪಿನ್ ಮುರಿದು ಹಾಕುವ ಕೆಲಸ ಯಾರೇ ಹೇಳಿದರೂ ಮಾಡಬೇಡಿ. ಜೀವ ಹೋಗುತ್ತದೆ.

ಕಾಫಿ ತೋಟದವರು ಹೂಮಳೆಗೆ ಕಾಯುವ ಮಾರ್ಚ್, ಏಪ್ರಿಲ್‌ನಲ್ಲೇ ನಮ್ಮ ಜಾತ್ರೆಗಳೂ ಜಾಸ್ತಿ, ಸಂಜೆಯ ಗುಡುಗು ಸಿಡಿಲೂ ಜಾಸ್ತಿ. ಮೋಡ ಕಟ್ಟಿದರೆ ಬಯಲಲ್ಲಿ ಹಾದು ಬಂದ ಉದ್ದನೆಯ ತಾಮ್ರದ ಕೇಬಲ್‌ಗಳನ್ನು ರೂಟರಿನಿಂದ ಬಿಚ್ಚಿಡಿ. ಲ್ಯಾನ್ ಕೇಬಲ್ ಹೊರಗಿನಿಂದ ಬಂದಿದ್ದರೆ ಅದನ್ನೂ. ಆದರೆ ಸಿಡಿಲು ಹತ್ತಿರ ಬಂದಾದ ಮೇಲೆ ಆ ಕೇಬಲ್ ಮುಟ್ಟಬೇಡಿ, ಸಾಮಾನು ಹೋದರೆ ಹೋಗಲಿ. ಉಪಾಯವಿದ್ದರೆ ಆ ಕಾಲದಲ್ಲಿ ಹೊರಾಂಗಣದಲ್ಲಿ ಎಳೆಯುವ ಕಡೆಯೆಲ್ಲ ಫೈಬರ್ ಬಳಸಿ.

ರೂಟರೇ ಕೆಟ್ಟಿದ್ದರೆ

ಮೇಲಿನದ್ದೆಲ್ಲ ಆದಮೇಲೂ ಒಂದು ಪೋರ್ಟ್ ಸತ್ತೇ ಇದ್ದರೆ, ಒಳ್ಳೆಯದು ಅಂತ ಗೊತ್ತಿರುವ ಕ್ಯಾಮೆರಾ, ಒಳ್ಳೆಯದು ಅಂತ ಗೊತ್ತಿರುವ ಗಿಡ್ಡ ಕೇಬಲ್ ಎರಡನ್ನೂ ನೇರ ಆ ಪೋರ್ಟಿಗೆ ಹಾಕಿ. ಆಗಲೂ ಬಾರದಿದ್ದರೆ ಪೋರ್ಟ್ ಹೋಗಿದೆ. ಅದರ ಮೇಲೆ ಕೆಂಪು ಟೇಪ್ ಹಚ್ಚಿ ಬೇರೆ ಪೋರ್ಟ್ ಬಳಸಿ. ಟೇಪ್ ಹಚ್ಚದಿದ್ದರೆ ಮುಂದಿನ ವಾರ ಇನ್ಯಾರೋ ಅದಕ್ಕೇ ಚುಚ್ಚಿ ಗಂಟೆಗಟ್ಟಲೆ ಹುಡುಕುತ್ತಾರೆ.

ಪೂರ್ತಿ ರೂಟರ್ ಮಲಗಿದರೆ ಏನು ಮಾಡಬೇಕು ಅನ್ನುವುದನ್ನು ಕಾರ್ಯಕ್ರಮಕ್ಕೆ ಮುಂಚೆಯೇ ತೀರ್ಮಾನಿಸಿ. ಮಿಕ್ಸರಿನ ಪ್ರೋಗ್ರಾಮ್ ಔಟ್‌ಪುಟ್‌ನಿಂದ ಮುಖ್ಯ ವಾಲ್‌ಗೆ ನೇರ ಹೋಗುವಷ್ಟು ಉದ್ದದ ಒಂದು ಕೇಬಲ್ ಎಳೆದು, ಎರಡೂ ತುದಿಗೆ ಹೆಸರು ಬರೆದು, ಚುಚ್ಚದೆ ಪಕ್ಕದಲ್ಲೇ ನೇತುಹಾಕಿ. ರೂಟರ್ ಹೋದಾಗ ಬಿಎನ್‌ಸಿ ಬದಲಿಸಿದರೆ ಜನಕ್ಕೆ ಚಿತ್ರ ಸಿಗುತ್ತದೆ, ನಿಮಗೆ ಹುಡುಕಲು ಸಮಯ ಸಿಗುತ್ತದೆ. ಆ ಕೇಬಲ್ಲನ್ನೂ ಬೆಳಗ್ಗೆ ಒಮ್ಮೆ ಚುಚ್ಚಿ ಚಿತ್ರ ನೋಡಿಯೇ ನೇತುಹಾಕಿ.